ಎಲ್ವಿಯ ಕೈಬರಹದ ಲಕೋಟೆಗಳು

ಎಲ್ವಿ ಪೈಬಸ್‌ಳನ್ನು ಮಣ್ಣು ಮಾಡಿದ ಮೂರನೇ ವಾರಕ್ಕೆ ಅವಳದೇ ಕೈಬರಹದ ಲಕೋಟೆಯೊಂದು ಮನೆಗೆ ಬಂತು.

ಪೋಸ್ಟಿನವನು ಸೈಕಲ್ಲಿನಿಂದ ಇಳಿಯದೆಯೇ ಸೀಟಿ ಊದಿ ಹೋದ. ಬಟ್ಟೆ ಒಣಹಾಕುತ್ತಿದ್ದ ನರೆಲ್ ಒದ್ದೆ ಕೈಯಲ್ಲೇ ಗೇಟಿನ ಡಬ್ಬಿ ತೆಗೆದಳು. ದಪ್ಪನೆಯ ಕಂದು ಲಕೋಟೆ. 'ಶ್ರೀಮತಿ ಇ. ಪೈಬಸ್, ಬರ್ನಿ, ಟಾಸ್ಮೇನಿಯಾ' ಎಂಬ ಅಕ್ಷರ ಅಮ್ಮನದು. ನೀಲಿ ಶಾಯಿ, ಬಲಕ್ಕೆ ವಾಲಿದ ಬರಹ. ನರೆಲ್ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಯಾರದೇ ಅದು?" ಒಳಗಿನಿಂದ ಅಜ್ಜಿ ಡಲ್ಸಿ ಕೂಗಿದಳು.

"ಅಮ್ಮಂದು."

"ಅಮ್ಮನಿಗೆ ಬಂದಿದ್ದಾ?"

"ಅಲ್ಲ ಅಜ್ಜಿ. ಅಮ್ಮ ಬರ್ದಿರೋದು."

ಒಳಗೆ ಚಹಾದ ಬಟ್ಟಲು ಟಣ್ಣೆಂದಿತು. "ಹೊತ್ತುಹೊತ್ತಿಗೆ ಹುಚ್ಚು ಹಿಡಿಯುತ್ತಾ ನಿನಗೆ? ಬಾ ಒಳಗೆ!"

ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಪತ್ರಿಕೆಗೆ ಕಥೆ ಕಳಿಸುವವರಿಗೆಲ್ಲ ಗೊತ್ತಿರುವ ಕಟ್ಟಳೆ: ಕಥೆಯ ಜೊತೆಗೆ ತನ್ನ ವಿಳಾಸ ತಾನೇ ಬರೆದು, ಸ್ಟಾಂಪು ಅಂಟಿಸಿದ ಇನ್ನೊಂದು ಲಕೋಟೆ ಇಡಬೇಕು. ಇಡದಿದ್ದರೆ ಸಂಪಾದಕ ಕಥೆಯನ್ನು ಕಸದ ಬುಟ್ಟಿಗೆ ಹಾಕುತ್ತಾನೆ, ಕೇಳುವ ಹಾಗಿಲ್ಲ. ಎಲ್ವಿ ಹನ್ನೊಂದು ವರ್ಷ ಹೀಗೆ ಕಳಿಸಿದಳು. ಭಾನುವಾರ ಕೂತು ಇಪ್ಪತ್ತು ಲಕೋಟೆಗೆ ಒಟ್ಟಿಗೇ ವಿಳಾಸ ಬರೆದಿಡುತ್ತಿದ್ದಳು. ಯಾವ ಕಥೆ, ಯಾವ ಪತ್ರಿಕೆ, ಹೋದದ್ದು ಯಾವಾಗ, ಬಂದದ್ದು ಯಾವಾಗ ಎಂದು ಶಾಲೆಯ ಮಕ್ಕಳ ಪುಸ್ತಕವೊಂದರಲ್ಲಿ ಗುರುತು ಹಾಕುತ್ತಿದ್ದಳು. ಹೋದದ್ದೆಲ್ಲ ಬಂದಿತ್ತು. ಒಂದೇ ಒಂದು ಕಥೆ ಅಚ್ಚಾಗಿರಲಿಲ್ಲ. "ದಪ್ಪ ಲಕೋಟೆ ಬಂದ್ರೆ ಕಥೆ ವಾಪಸ್ಸು. ತೆಳ್ಳಗಿನದು ಬಂದ್ರೆ ಕಥೆ ಅಲ್ಲೇ ಉಳೀತು ಅಂತ," ಎಂದು ಅವಳು ಮಗಳಿಗೆ ಹೇಳಿಕೊಟ್ಟಿದ್ದಳು. ತೆಳ್ಳಗಿನದನ್ನು ಆ ಮನೆ ಕಂಡಿರಲಿಲ್ಲ. ಮಾರ್ಚಿನಲ್ಲಿ ಹಿತ್ತಲಿನ ಬಟ್ಟೆ ತಂತಿಯ ಕೆಳಗೆ ಅವಳ ಎದೆ ನಿಂತುಹೋದ ದಿನ ಒಂಬತ್ತು ಕಥೆಗಳು ಊರೂರು ತಿರುಗುತ್ತಿದ್ದವು.

ಸಂಜೆ ನರೆಲ್‌ಳ ಅಪ್ಪ ಕ್ಲಾರಿ ಕಾಗದದ ಕಾರ್ಖಾನೆಯ ಪಾಳಿ ಮುಗಿಸಿ ಬಂದ. ನರೆಲ್ ಕುರಿಮಾಂಸದ ತುಂಡು, ಹಿಸುಕಿದ ಆಲೂಗಡ್ಡೆ, ಬಟಾಣಿ ಬಡಿಸಿದಳು. ಉಪ್ಪಿನ ಬಟ್ಟಲಿಗೆ ಒರಗಿಸಿದ್ದ ಲಕೋಟೆ ಕಂಡು ಅವನು ಹಿಡಿದ ಮುಳ್ಳುಚಮಚವನ್ನು ಕೆಳಗಿಟ್ಟ.

"ತೆಗಿ ಅಪ್ಪ," ಎಂದಳು ಮಗಳು.

"ನಾನ್ಯಾಕೆ ತೆಗೀಲಿ? ಹೆಸರು ಅವಳದ್ದಿದೆ."

"ಹೂಂ, ಈಗ ಮರ್ಯಾದೆ ಬಂತು," ಎಂದಳು ಡಲ್ಸಿ. "ಅವಳು ಇದ್ದಾಗ ಇದೇ ಲಕೋಟೆ ಬಂದ್ರೆ 'ನಿನ್ನ ಪಾರಿವಾಳ ಗೂಡಿಗೆ ಬಂತು ನೋಡೇ' ಅಂತ ಹಲ್ಲು ಕಿರೀತಿದ್ದೆ."

"ನೀನೂ ನಗ್ತಿದ್ದೆಯಲ್ಲಮ್ಮ."

"ನಗ್ತಿದ್ದೆ. ಇಲ್ಲ ಅಂದ್ನಾ?"

 ಮಾಂಸ ಆರಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಕ್ಲಾರಿ ಎದ್ದು ಲಕೋಟೆಯನ್ನು ಒಲೆಯ ಮೇಲಿನ ಹಲಗೆಯಲ್ಲಿ ಗಡಿಯಾರಕ್ಕೆ ಒರಗಿಸಿಟ್ಟ. ಮಲಗುವವರೆಗೂ ಅದಕ್ಕೆ ಬೆನ್ನು ಮಾಡಿ ಕೂರಲಿಲ್ಲ.

ಆಮೇಲೆ ಏಪ್ರಿಲ್‌ನಲ್ಲಿ ಎರಡು, ಮೇ ತಿಂಗಳಲ್ಲಿ ಐದು ಬಂದವು. ಸೀಟಿ ಕೇಳಿದರೆ ಡಲ್ಸಿ ರೇಡಿಯೊ ಜೋರು ಮಾಡುತ್ತಿದ್ದಳು. ಕ್ಲಾರಿಯದು ತದ್ವಿರುದ್ಧ. ಮಧ್ಯಾಹ್ನದ ಪಾಳಿ ಇದ್ದ ದಿನ ಬೆಳಿಗ್ಗೆಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೇಟಿನ ಬಳಿ ನಿಲ್ಲುತ್ತಿದ್ದ. ಕೇಳಿದರೆ ಬೇಲಿಗೆ ಬಣ್ಣ ಹಚ್ಚುತ್ತಿದ್ದೇನೆ ಎನ್ನುತ್ತಿದ್ದ. ಜೂನಿಗೇ ಬರುವ ಅಲ್ಲಿನ ಚಳಿಗಾಲದಲ್ಲಿ ಆ ಬೇಲಿ ಮೂರು ಸಲ ಬಣ್ಣ ಕಂಡಿತು. ಬಂದ ಲಕೋಟೆಯನ್ನು ಎರಡು ಕೈಯಲ್ಲಿ ಹಿಡಿದು ತಂದು ಹಲಗೆಯ ಮೇಲೆ ಇಡುತ್ತಿದ್ದ, ಒಡೆಯುತ್ತಿರಲಿಲ್ಲ. ಒಡೆದು ಓದುತ್ತಿದ್ದವಳು ನರೆಲ್. ಓದಿ, ಅಂಟು ಹಚ್ಚಿ, ಇದ್ದ ಹಾಗೇ ಇಟ್ಟುಬಿಡುತ್ತಿದ್ದಳು.

ಒಂದು ಶನಿವಾರ ಅವಳು ಬಟ್ಟೆ ಅಂಗಡಿಯ ಕೆಲಸದಿಂದ ಬಂದಾಗ ಅಡುಗೆಮನೆಯಲ್ಲಿ ಸುಟ್ಟ ಕಾಗದದ ವಾಸನೆ. ಅಮ್ಮನ ಮೇಜಿನ ಕೆಳಗಿನ ಖಾನೆ ಬಾಯಿ ತೆರೆದುಕೊಂಡಿತ್ತು. ಪ್ರತಿ ಕಥೆಗೂ ಎಲ್ವಿ ಕಾರ್ಬನ್ ಇಟ್ಟು ತೆಗೆದಿದ್ದ ನಕಲು ಅಲ್ಲಿರುತ್ತಿತ್ತು.

"ಅಜ್ಜಿ! ಎಲ್ಲಿ ಅವೆಲ್ಲ?"

"ಒಲೆಗೆ ಹಾಕಿದೆ."

"ಯಾಕೆ?"

"ಸತ್ತವರ ಅಕ್ಷರ ಮನೇಲಿ ಇಟ್ಕೋಬಾರದು ಕಣೆ. ಅದಕ್ಕೇ ಇವು ಒಂದೊಂದಾಗಿ ಬರ್ತಿರೋದು. ಬೆಳಿಗ್ಗೆ ನೀವಿಬ್ಬರೂ ಹೋದ್ಮೇಲೆ ಅವಳ ಟೈಪಿನ ಯಂತ್ರ ತಾನಾಗೇ ಟಕಟಕ ಅನ್ನುತ್ತೆ. ನನ್ನ ಕಿವಿಯಾರೆ ಕೇಳಿದ್ದೀನಿ."

"ಅದು ಸೂರಿನ ನೀರಿನ ತಗಡಿನ ಕೊಳವೆ ಅಜ್ಜಿ, ಗಾಳಿಗೆ ಬಡ್ಕೊಳ್ಳುತ್ತೆ! ನಕಲು ಸುಟ್ಟುಬಿಟ್ಯಲ್ಲ, ಇನ್ನು ಅಸಲಿಗೆ ಏನಾದ್ರೂ ಆದ್ರೆ ಗತಿ ಏನು?"

"ಹನ್ನೊಂದು ವರ್ಷ ಯಾರಿಗೂ ಬೇಡವಾದದ್ದು ಈಗ ಯಾರಿಗೆ ಬೇಕಾಗುತ್ತೆ?" ಎಂದ ಡಲ್ಸಿ ಮೊಮ್ಮಗಳ ಮುಖ ನೋಡಿ ದನಿ ತಗ್ಗಿಸಿದಳು. "ಬನ್ನು ಚೆನ್ನಾಗಿ ಉಬ್ಬಿದೆ. ಬೆಣ್ಣೆ ಹಚ್ಕೊಂಡು ತಿನ್ನು."

ಆ ಒಲೆಯಲ್ಲಿ ಬೆಂದ ಬನ್ನನ್ನು ನರೆಲ್ ಮುಟ್ಟಲಿಲ್ಲ. ಕ್ಲಾರಿ ವಿಷಯ ಕೇಳಿ ತಾಯಿಯನ್ನು ಬೈಯಲೂ ಇಲ್ಲ, ಹಿತ್ತಲಿಗೆ ಹೋಗಿ ತನ್ನ ಗಿಡ್ಡ ಜಾತಿಯ ಕೋಳಿಗಳ ಗೂಡು ಗುಡಿಸಿದ.

ಜೂನ್ ಮಧ್ಯದಲ್ಲಿ ಒಂಬತ್ತನೆಯ ಲಕೋಟೆ ಬಂತು. ಅದರೊಳಗಿನ ಕಥೆಯ ಹೆಸರು 'ಮೂರು ತಟ್ಟೆ'. ನಾಲ್ಕು ಜನರ ಮನೆಯೊಂದರಲ್ಲಿ ಹೆಂಗಸೊಬ್ಬಳು ಒಂದು ದಿನ ಮೇಜಿನ ಮೇಲೆ ತನಗೆ ತಟ್ಟೆ ಇಡುವುದನ್ನು ಬಿಡುತ್ತಾಳೆ. ಯಾರು ಮೊದಲು ಕೇಳುತ್ತಾರೆ ನೋಡೋಣ ಎಂದು. ಗಂಡ ಕೇಳುವುದಿಲ್ಲ, ಅತ್ತೆ ಕೇಳುವುದಿಲ್ಲ, ಮಗಳು ಕೇಳುವುದಿಲ್ಲ. ವಾರವಾಗುತ್ತದೆ, ತಿಂಗಳಾಗುತ್ತದೆ. ಅವಳು ಬಡಿಸುತ್ತಲೇ ಇರುತ್ತಾಳೆ. ಹಿತ್ತಲಿಗೆ ಹೋದರೆ ಕೋಳಿಗಳು ಮಾತ್ರ ಅವಳ ಕಾಲಿಗೆ ಅಡ್ಡಡ್ಡ ಬಂದು ಮುಖ ಎತ್ತಿ ನೋಡುತ್ತವೆ. ಕೊನೆಗೆ ತಾನು ಬದುಕಿದ್ದೇನೋ ಇಲ್ಲವೋ ಎಂಬುದು ಅವಳಿಗೇ ಅನುಮಾನ.

ನರೆಲ್ ಹಾಳೆಗಳನ್ನು ಕೆಳಗಿಟ್ಟಳು. ಅಮ್ಮ ಊಟಕ್ಕೆ ಕೂತದ್ದು ನೆನಪಿಗೆ ತಂದುಕೊಳ್ಳಲು ನೋಡಿದಳು. ಬಡಿಸುವ ಕೈ ನೆನಪಿಗೆ ಬಂತು, ಏಪ್ರನ್ನಿನ ಗಂಟು ನೆನಪಿಗೆ ಬಂತು. ಕುರ್ಚಿಯಲ್ಲಿ ಕೂತ ಅಮ್ಮ ಬರಲಿಲ್ಲ. ತನ್ನ ಮೇಲೇ ಅಸಹ್ಯವಾಗಿ ಅಡುಗೆಮನೆಗೆ ಹೋದಳು.

"ಅಜ್ಜಿ, ಅಮ್ಮ ನಮ್ಮ ಜೊತೆ ಕೂತು ಊಟ ಮಾಡ್ತಿದ್ಲಾ?"

"ಮತ್ತೆ? ಮಾಡದೇನು? ಒಳ್ಳೇ ಪ್ರಶ್ನೆ." ಡಲ್ಸಿ ಬಟಾಣಿ ಬಿಡಿಸುತ್ತಿದ್ದಳು. ನಾಲ್ಕೈದು ಕಾಯಿ ಬಿಡಿಸಿದ ಮೇಲೆ ಕೈ ನಿಂತಿತು. "ನಿಂತ್ಕೊಂಡು ತಿಂತಿದ್ಲು ಅನ್ಸುತ್ತೆ," ಎಂದಳು.

ಅಂದಿನಿಂದ ನರೆಲ್‌ಗೆ ಒಂದೇ ಧ್ಯಾನ. ಈ ಕಥೆ ಅಚ್ಚಾಗಬೇಕು, ಅಮ್ಮನ ಹೆಸರು ಒಮ್ಮೆಯಾದರೂ ಕಾಗದದ ಮೇಲೆ ಮೂಡಬೇಕು. ಮನೆಯಲ್ಲಿ ಒಬ್ಬರೂ ಕಾಣದವಳನ್ನು ಊರ ಹೊರಗಿನವರಾದರೂ ಕಾಣಲಿ.

ಅರ್ಧ ದಿನದ ರಜೆಯಿದ್ದ ಬುಧವಾರಗಳಂದು ಅವಳು ಪುಸ್ತಕಾಲಯದಲ್ಲಿ ಕೂತು ಪತ್ರಿಕೆಗಳನ್ನು ತಿರುವಿ ಹಾಕಿದಳು. ಕಥೆ ಬರೆಯುವುದು ಒಂದು ಕಷ್ಟವಾದರೆ ಅದಕ್ಕೆ ಮನೆ ಹುಡುಕುವುದು ಇನ್ನೊಂದು; ಹೆಣ್ಣಿಗೆ ಗಂಡು ಹುಡುಕಿದರೂ ಇಷ್ಟು ಚಪ್ಪಲಿ ಸವೆಯುವುದಿಲ್ಲ. ಸಿಡ್ನಿಯ 'ವಾಟಲ್' ವಾರಪತ್ರಿಕೆಗೆ ಕೊನೆಯಲ್ಲಿ ಮದುವೆ ಬೇಕು. ಅಡಿಲೇಡಿನ ಚರ್ಚು ಪತ್ರಿಕೆಗೆ ಕಥೆಯಲ್ಲಿ ಯಾರೂ ಕುಡಿಯಬಾರದು. ಬ್ರಿಸ್ಬೇನಿನವರಿಗೆ ಕುದುರೆ ಬೇಕು, ಕಾಡು ಬೇಕು, ಅಡುಗೆಮನೆ ಮಾತ್ರ ಬೇಡ. ಅಮ್ಮನ ಪುಸ್ತಕದ ಅಂಚುಗಳಲ್ಲೂ ಟಿಪ್ಪಣಿಗಳಿದ್ದವು: 'ಇವರಿಗೆ ನಾಯಿ ಇಷ್ಟ.' 'ಇವನು ಆರು ತಿಂಗಳು ಕೂರುತ್ತಾನೆ.' 'ಒಂದು ಕಥೆ ಒಂದೇ ಕಡೆ. ಎರಡು ಕಡೆ ಕಳಿಸಿದ್ದು ಗೊತ್ತಾದರೆ ಹೆಸರು ಕೆಡುತ್ತದೆ.' ಇಲ್ಲದ ಹೆಸರು ಕೆಟ್ಟೀತೆಂದು ಹೆದರಿದ್ದಳಲ್ಲ ಅಮ್ಮ ಎಂದು ನರೆಲ್‌ಗೆ ಅಳು ಬಂತು.

ಕೊನೆಗೆ ಮೆಲ್ಬರ್ನಿನ 'ಕರ್ಲ್ಯೂ' ಎಂಬ ತ್ರೈಮಾಸಿಕವನ್ನು ಆರಿಸಿದಳು. ಅವರು ದುಃಖದ ಕಥೆಗೆ ಬೇಡ ಎನ್ನುವವರಲ್ಲ. ಇನ್ನೊಂದು ಅನುಕೂಲವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಬರ್ನಿಯಲ್ಲಿ ಅದನ್ನು ಓದುವ ಪ್ರಾಣಿಯೇ ಇರಲಿಲ್ಲ. ಅಪ್ಪನ ಕಣ್ಣಿಗೆ ಆ ಕಥೆ ಬೀಳುವುದು ಅವಳಿಗೆ ಬೇಕಿರಲಿಲ್ಲ.

"ಇನ್ನೆಷ್ಟು ಬರಬೇಕು?" ಎಂದು ಕ್ಲಾರಿ ಒಂದು ದಿನ ಸಾರು ಕುಡಿಯುತ್ತಾ ಕೇಳಿದ.

"ಮುಗೀತಪ್ಪ. ಒಂಬತ್ತೂ ಬಂತು."

"ಪುಸ್ತಕ ಸರಿಯಾಗಿ ನೋಡಿದ್ಯಾ?"

"ನೋಡ್ದೆ."

 ಮರುದಿನವೂ ಕ್ಲಾರಿ ಗೇಟಿಗೆ ಹೋದ. ಸೀಟಿ ಊದದೆ ಮುಂದೆ ಹೋದ ಸೈಕಲ್ಲು ತಿರುವು ದಾಟುವವರೆಗೂ ನಿಂತಿದ್ದ.

ಎಲ್ವಿ ವಿಳಾಸ ಬರೆದಿಟ್ಟ ಲಕೋಟೆಗಳಲ್ಲಿ ಒಂದು ಉಳಿದಿತ್ತು. ಜುಲೈನಲ್ಲಿ ನರೆಲ್ ಅದನ್ನು ಮಡಿಸಿ ಕಥೆಯ ಜೊತೆ ಇಟ್ಟಳು. ಮೊದಲು ಕೈಯಲ್ಲಿ ಒಂದು ನಕಲು ಬರೆದುಕೊಳ್ಳಬೇಕು ಎಂದುಕೊಂಡಿದ್ದಳು. ಆದರೆ ಅಂಗಡಿಯಲ್ಲಿ ಮಾರಾಟದ ವಾರ, ಬೆರಳು ಎತ್ತಲಾಗದಷ್ಟು ದಣಿವು, ಮೆಲ್ಬರ್ನಿನವರು ಹೇಳಿದ್ದ ತಾರೀಕು ಹತ್ತಿರ. ಬಂದೇ ಬರುತ್ತದೆ, ಇಲ್ಲವೇ ಅಚ್ಚಾಗುತ್ತದೆ, ಹೋಗುವುದೆಲ್ಲಿಗೆ ಎಂದು ಹೊರಗಿನ ಲಕೋಟೆಯನ್ನು ಅಪ್ಪನ ಕೈಗೆ ಕೊಟ್ಟಳು. ಕಾರ್ಖಾನೆಯ ದಾರಿಯಲ್ಲೇ ಅಂಚೆ ಕಚೇರಿ.

ಆರು ವಾರ ಕಳೆಯಿತು. ಅವಳು ಮೆಲ್ಬರ್ನಿಗೆ ವಿಚಾರಿಸಿ ಬರೆದಳು. ಎರಡೇ ಸಾಲಿನ ಕಾರ್ಡು ಬಂತು: ಆ ಹೆಸರಿನ ಕಥೆ ನಮಗೆ ಬಂದಿಲ್ಲ.

ಊಟಕ್ಕೆ ಕೂತಾಗ ಕಾರ್ಡನ್ನು ಅಪ್ಪನ ಮುಂದೆ ಇಟ್ಟಳು. "ನೀನು ಪೋಸ್ಟ್ ಮಾಡ್ಲಿಲ್ವಾ ಅಪ್ಪ?"

"ಮಾಡ್ದೆ."

"ಮತ್ತೆ ಎಲ್ಲಿ ಹೋಯ್ತು?"

ಕ್ಲಾರಿ ಆಲೂಗಡ್ಡೆಯನ್ನು ಮುಳ್ಳುಚಮಚದಲ್ಲಿ ಗೀರಿದ. "ಮೇಲಿನ ವಿಳಾಸ ಬದಲಾಯಿಸಿ ಬೇರೆ ಕಡೆ ಮಾಡ್ದೆ."

"ಯಾವ ಕಡೆ?"

"ಕೋಳಿ ಪತ್ರಿಕೆಗೆ."

ಡಲ್ಸಿಯ ಬಾಯಲ್ಲಿದ್ದ ಚಹಾ ಹೊರಗೆ ಬಂತು. ಕ್ಲಾರಿ ತಿಂಗಳು ತಿಂಗಳು ತರಿಸುತ್ತಿದ್ದ ಪತ್ರಿಕೆ ಅದು. 'ಕೋಳಿ ಸಾಕುವವರ ಸಂಗಾತಿ'. ಮೊಟ್ಟೆ, ಕಾಳು, ಕೊಕ್ಕಿನ ರೋಗ, ಮಹಿಳೆಯರಿಗೆಂದು ಒಂದು ಪುಟ ಬಿಟ್ಟರೆ ಅದರಲ್ಲಿ ಇನ್ನೇನೂ ಇರುತ್ತಿರಲಿಲ್ಲ.

"ಕೋಳಿ ಪತ್ರಿಕೆಗೆ ಕಥೆ ಯಾರಾದ್ರೂ ಕಳಿಸ್ತಾರಾ? ಅಪ್ಪ, ನಿನಗೇನು ತಲೆ ಕೆಟ್ಟಿದ್ಯಾ?"

"ಅವರು ಕಥೆ ತಗೊಳಲ್ಲ. ಗೊತ್ತು. ಅದಕ್ಕೇ ಕಳಿಸ್ದೆ."

"ಏನು?"

"ನಿನ್ನ ಮೆಲ್ಬರ್ನಿನವರು ತಗೊಂಡುಬಿಟ್ಟಿದ್ರೆ?" ಕ್ಲಾರಿಯ ದನಿ ಏರಿತು. "ಆಮೇಲೆ ಬರುತ್ತಾ ಅದು? ಅವಳು ಬರ್ದಿಟ್ಟ ಲಕೋಟೆ ಅದೊಂದೇ ಇದ್ದದ್ದು. ಕೋಳಿಯವರಾದ್ರೆ ಗ್ಯಾರಂಟಿ ವಾಪಸ್ ಕಳಿಸ್ತಾರೆ. ಇನ್ನೊಂದು ಸಲ... ಇನ್ನೊಂದೇ ಸಲ ಬರ್ಲಿ ಅಂತ, ಅಷ್ಟೇ ನರೆಲ್."

ನರೆಲ್‌ಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. "ಅದೊಂದೇ ಪ್ರತಿ ಅಪ್ಪ," ಎಂದಳು. "ನಕಲು ಇಲ್ಲ. ಅಜ್ಜಿ ಸುಟ್ಟಳಲ್ಲ. ಅವರು ಬಿಸಾಡಿಬಿಟ್ರೆ ಲೋಕದಲ್ಲೇ ಆ ಕಥೆ ಇರಲ್ಲ."

ಕ್ಲಾರಿಯ ಮುಖದ ರಕ್ತ ಇಳಿದುಹೋಯಿತು. ನಕಲುಗಳು ಸುಟ್ಟಿದ್ದು ಅವನಿಗೆ ಗೊತ್ತಿತ್ತು, ಆದರೆ ಅದರ ಅರ್ಥ ಇದು ಎಂದು ಹೊಳೆದಿರಲಿಲ್ಲ. ಡಲ್ಸಿ ಸೆರಗಿಲ್ಲದವಳು, ಏಪ್ರನ್ನಿನ ತುದಿಯಲ್ಲೇ ಬಾಯಿ ಮುಚ್ಚಿಕೊಂಡಳು.

ನರೆಲ್ ಕೋಳಿ ಪತ್ರಿಕೆಯ ಸಂಪಾದಕನಿಗೆ ಎರಡು ಕಾಗದ ಬರೆದಳು. ಉತ್ತರವಿಲ್ಲ. ಆ ಮೂರು ವಾರ ಮನೆಯಲ್ಲಿ ಜಗಳವೇ ಇರಲಿಲ್ಲ. ಜಗಳವಿದ್ದರೆ ಎಷ್ಟೋ ವಾಸಿ ಎನಿಸುತ್ತಿತ್ತು. ಸೀಟಿಗೆ ಹೆದರಿ ರೇಡಿಯೊ ಹಾಕುತ್ತಿದ್ದ ಡಲ್ಸಿ ಈಗ ಕುರ್ಚಿಯನ್ನು ಕಿಟಕಿಗೆ ಎಳೆಸಿಕೊಂಡು ರಸ್ತೆ ನೋಡುತ್ತಾ ಕೂತಳು. "ಬಾರೇ ಎಲ್ವಿ, ಬಾ," ಎಂದು ಅವಳು ಗೊಣಗುವುದನ್ನು ನರೆಲ್ ಒಂದು ದಿನ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಳು. ಕೊಳವೆ ಟಕಟಕ ಎನ್ನುತ್ತಿತ್ತು. ಅದನ್ನು ಕಟ್ಟಿಹಾಕುತ್ತೇನೆ ಎಂದ ಕ್ಲಾರಿಯನ್ನು ಡಲ್ಸಿಯೇ ತಡೆದಳು. "ಇರ್ಲಿ ಬಿಡೋ. ಏನು ತೊಂದರೆ ಕೊಡ್ತಿದೆ ನಿನಗೆ?"

ಸೆಪ್ಟೆಂಬರಿನ ಒಂದು ಸೋಮವಾರ ಸೀಟಿ ಕೇಳಿತು. ಕ್ಲಾರಿ ಲಕೋಟೆ ತಂದು ಮೇಜಿನ ನಡುವೆ ಇಟ್ಟ. ಅದೇ ನೀಲಿ ಶಾಯಿ, ಅದೇ ವಾಲಿದ ಅಕ್ಷರ. ಮೂವರೂ ನಿಂತೇ ನೋಡಿದರು.

"ತೆಳ್ಳಗಿದೆ," ಎಂದಳು ಡಲ್ಸಿ.

ನರೆಲ್ ಒಡೆದು ಓದಿದಳು. ಮಹಿಳೆಯರ ಪುಟ ಬರೆಯುತ್ತಿದ್ದಾಕೆಗೆ ನ್ಯುಮೋನಿಯಾ ಆಗಿದೆ, ಪುಟ ಖಾಲಿ ಇತ್ತು, ನಾವು ಈವರೆಗೆ ಕಥೆ ಹಾಕಿದವರಲ್ಲ, ಆದರೆ ಇದರಲ್ಲಿನ ಕೋಳಿಗಳು ನಿಜವಾದ ಕೋಳಿಗಳ ಹಾಗೇ ನಡೆದುಕೊಳ್ಳುತ್ತವೆ; ಅಕ್ಟೋಬರಿನಲ್ಲಿ ಹಾಕುತ್ತಿದ್ದೇವೆ, ಗೌರವಧನ ಎರಡು ಗಿನಿ. ಮೂಲ ಪ್ರತಿ ಅಚ್ಚಿನ ಮನೆಯಲ್ಲಿದೆ, ಅದನ್ನು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ.

"ತಗೊಂಡ್ರಾ?" ಎಂದ ಕ್ಲಾರಿ.

"ತಗೊಂಡ್ರು."

"ಎಲ್ವಿದಾ? ಅಚ್ಚಲ್ಲಿ?"

"ಹೂಂ ಅಪ್ಪ."

ಅವನು ಖಾಲಿ ಲಕೋಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಡಲ್ಸಿ ಜೋರಾಗಿ ಅತ್ತಳು. "ಕೋಳಿ ಪತ್ರಿಕೆಲಾದ್ರೂ ಬಂತಲ್ಲೇ. ಹನ್ನೊಂದು ವರ್ಷ ಕಣೆ!" ಎಂದು ಮೊಮ್ಮಗಳ ಕೈ ಹಿಡಿದುಕೊಂಡಳು. ನರೆಲ್‌ಗೂ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಮೆಲ್ಬರ್ನಿನ ಪತ್ರಿಕೆಯನ್ನು ಯಾರೂ ಓದುವುದಿಲ್ಲ, ಈ ಕೋಳಿ ಪತ್ರಿಕೆಯನ್ನು ಕಾರ್ಖಾನೆಯ ಅರ್ಧ ಜನ ಓದುತ್ತಾರೆ ಎಂಬ ಯೋಚನೆ ಬೆನ್ನಿಗೇ ಬಂತು.

"ಅಪ್ಪ, ಅದು ಬಂದಾಗ ನೀನು ಓದ್ಬೇಡ," ಎಂದಳು ಮಾರನೆಯ ದಿನ, ಪಾತ್ರೆ ಒರೆಸುತ್ತಾ.

"ಯಾಕೆ?"

"ಅದು ಕೋಳಿ ಕಥೆ ಅಲ್ಲ."

"ಇಷ್ಟು ವರ್ಷ ಓದದೇ ಇದ್ದದ್ದು ಸಾಲದಾ?" ಎಂದು ಕ್ಲಾರಿ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ತಾನೇ ಒರೆಸತೊಡಗಿದ.

ಅಕ್ಟೋಬರಿನ ಸಂಚಿಕೆ ಮನೆಗೆ ಬರುವ ಮೊದಲೇ ಕಾರ್ಖಾನೆಯ ಚಹಾ ಕೋಣೆಗೆ ಬಂದಿತ್ತು. ಕ್ಲಾರಿ ಅಲ್ಲೇ ಓದಿದ. ಜೊತೆಯವರು ಬೆನ್ನು ತಟ್ಟಲು ಎದ್ದವರು ಅವನ ಮುಖ ನೋಡಿ ಕೂತರಂತೆ. ಸಂಜೆ ಬಂದು ಕೈ ತೊಳೆದ, ಊಟ ಮಾಡಿದ, ತಟ್ಟೆ ತೊಳೆದಿಟ್ಟ.  ಡಲ್ಸಿ ಭೂತಗನ್ನಡಿ ಹಿಡಿದು ಎರಡು ದಿನ ಓದಿದಳು. "ಅತ್ತೆ ಅನ್ನೋಳು ನಾನೇ," ಎಂದಷ್ಟೇ ಹೇಳಿ ಕೋಣೆಗೆ ಹೋದಳು. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಓಡಾಡಿದರು, ಒಳಗೆ ಯಾರೋ ಮಲಗಿರುವಂತೆ. ಮಾತಾಡಿಬಿಡು ಅಪ್ಪ, ಕೂಗಾಡಿಬಿಡು ಎಂದು ನರೆಲ್‌ಗೆ ದಿನಾ ಅನಿಸುತ್ತಿತ್ತು. ಕೇಳಲು ಧೈರ್ಯ ಸಾಲಲಿಲ್ಲ.

ನವೆಂಬರಿನಲ್ಲಿ ಕೋಳಿ ಪತ್ರಿಕೆಯವರು ಓದುಗರ ಕಾಗದವೊಂದನ್ನು ಎಲ್ವಿಯ ಹೆಸರಿಗೆ ಕಳಿಸಿಕೊಟ್ಟರು. ಕಿಂಗ್ ದ್ವೀಪದಲ್ಲಿ ಇನ್ನೂರು ಕೋಳಿ ಸಾಕಿದ ಹೆಂಗಸೊಬ್ಬಳು ಬರೆದಿದ್ದಳು: 'ನಮ್ಮ ಮನೆಯಲ್ಲಿ ಐದು ತಟ್ಟೆ. ನಾವು ಆರು ಜನ.' ಡಲ್ಸಿ ಅದನ್ನು ಎರಡು ಸಲ ಓದಿಸಿಕೊಂಡಳು.

ಅದಾದ ಹತ್ತು ದಿನಕ್ಕೆ ಇನ್ನೊಂದು ಬಂತು. ಪತ್ರಿಕೆಯ ಕಚೇರಿಯ ವಿಳಾಸ ಹೊಡೆದುಹಾಕಿ ಮನೆಯ ವಿಳಾಸ ಟೈಪು ಮಾಡಿದ್ದರು. ಹೊಡೆದುಹಾಕಿದ ಅಕ್ಷರಗಳನ್ನು ನರೆಲ್ ಬೆಳಕಿಗೆ ಹಿಡಿದು ನೋಡಿದಳು. ಪೆನ್ಸಿಲು ನಾಲಿಗೆಗೆ ತಾಗಿಸಿ ಒತ್ತಿ ಬರೆದ ದಪ್ಪ ಅಕ್ಷರ. ಕೋಳಿಗೂಡಿನ ಬಾಗಿಲ ಮೇಲೆ, ಬಣ್ಣದ ಡಬ್ಬಿಗಳ ಮೇಲೆ ದಿನಾ ಕಾಣುವ ಅಕ್ಷರ. ಒಡೆಯಲು ಹೋದ ಕೈ ಹಿಂದೆ ಬಂತು. ಹೆಸರು ಅಮ್ಮನದಿತ್ತು.

ಸಂಜೆ ಕ್ಲಾರಿ ಬೂಟು ಬಿಚ್ಚುತ್ತಾ, ತಲೆ ಎತ್ತದೆ ಕೇಳಿದ. "ಪೋಸ್ಟ್ ಏನಾದ್ರೂ ಬಂತಾ?"

"ಅಮ್ಮಂಗೆ ಒಂದು ಕಾಗದ ಬಂದಿದೆ."

"ಯಾರಂತೆ?"

"ಹೆಸರು ಬರ್ದಿಲ್ಲ. ಯಾರೋ ಓದುಗ."

ಡಲ್ಸಿ ಇಬ್ಬರ ಮುಖವನ್ನೂ ನೋಡಿ, ಹಾಡುತ್ತಿದ್ದ ರೇಡಿಯೊವನ್ನು ಆರಿಸಿದಳು.

"ಓದು," ಎಂದ ಕ್ಲಾರಿ.  "ಜೋರಾಗಿ ಓದು ಮಗಾ. ಮನೆಗೆಲ್ಲ ಕೇಳೋ ಹಾಗೆ."

ನರೆಲ್ ಅಡುಗೆಮನೆಯ ನಡುವೆ ನಿಂತು ಓದಿದಳು.

'ಮಾನ್ಯ ಶ್ರೀಮತಿ ಪೈಬಸ್ ಅವರಿಗೆ. ನಿಮ್ಮ ಕಥೆ ಓದಿದೆ. ಕಥೆ ಓದಿ ಅಭ್ಯಾಸವಿಲ್ಲ, ಇದೇ ಮೊದಲು. ಕೋಳಿಗಳ ವಿಷಯ ಸರಿಯಾಗಿ ಬರೆದಿದ್ದೀರಿ. ಗಂಡನ ವಿಷಯ ಒಂದು ಕಡೆ ತಪ್ಪಿದೆ, ತಿಳಿಸಬೇಕು ಅನ್ನಿಸಿತು. ಅವನಿಗೆ ಕಾಣಿಸಲಿಲ್ಲ ಅಂತ ನೀವು ಬರೆದಿದ್ದೀರಿ. ಮೂರೇ ತಟ್ಟೆ ಇರುವುದು ಅವನಿಗೆ ಮೊದಲ ದಿನವೇ ಕಾಣಿಸಿತ್ತು. ಕೇಳಿದರೆ ನೀವು ಯಾಕೆ ಅಂತ ಹೇಳಿಬಿಡುತ್ತೀರಿ ಎಂದು ಹೆದರಿ ಕೇಳಲಿಲ್ಲ.'